‘ವಿಂಬಲ್ಡನ್’ ಖರ್ಚಿಗಿಂತ ಜಾಸ್ತಿ ಕಲೆಕ್ಷನ್ ಮಾಡಿತು, ಆದರೂ ಸೋತಿದ್ದು ಯಾಕೆ?

ಪ್ರಶ್ನೆ: ಮೊನ್ನೆ ಮೊಬೈಲಿನಲ್ಲಿ ‘ವಿಂಬಲ್ಡನ್’ ಎಂಬ 2004ರ ಇಂಗ್ಲಿಷ್ ಸಿನಿಮಾ ನೋಡಿದೆ. ಟೆನಿಸ್, ಪ್ರೀತಿ, ತಮಾಷೆ ಎಲ್ಲಾ ಇದೆ. ತುಂಬಾ ಇಷ್ಟವಾಯಿತು. ಆಮೇಲೆ ಲೆಕ್ಕ ಹುಡುಕಿದೆ. ತಯಾರಿಕೆಯ ಖರ್ಚು 3.1 ಕೋಟಿ ಡಾಲರ್, ಗಳಿಕೆ ಸುಮಾರು 4.17 ಕೋಟಿ ಡಾಲರ್ ಅಂತ ಇತ್ತು. ಅಂದರೆ ಒಂದು ಕೋಟಿ ಡಾಲರ್‌ಗೂ ಜಾಸ್ತಿ ಲಾಭ ಅಲ್ವಾ? ಆದರೂ ಅದನ್ನು ಓಡದ ಸಿನಿಮಾ ಅನ್ನುತ್ತಾರೆ. ಆಟ ಇಷ್ಟಪಡುವವರು, ಪ್ರೇಮಕಥೆ ಇಷ್ಟಪಡುವವರು ಇಬ್ಬರೂ ಬರಬೇಕಿತ್ತಲ್ಲ? — ಹಾಸನದ ಓದುಗರೊಬ್ಬರು

ಉತ್ತರ: ಆ ಒಂದು ಕೋಟಿ ಲಾಭವಲ್ಲ. ಮೊದಲು ಇದನ್ನು ಬಿಡಿಸಿ ಹೇಳುತ್ತೇನೆ. ಯಾಕೆಂದರೆ ಸಿನಿಮಾ ಲೆಕ್ಕ ನೋಡುವ ಹತ್ತರಲ್ಲಿ ಒಂಬತ್ತು ಜನ ಎಡವುವುದು ಇಲ್ಲೇ.

ನಮ್ಮ ಗಾಂಧಿನಗರದ ಮಾತಿನಲ್ಲೇ ನೋಡೋಣ. ಗ್ರಾಸ್ ಬೇರೆ, ಶೇರ್ ಬೇರೆ. ಟಿಕೆಟ್ ಕೌಂಟರಿನಲ್ಲಿ ಬಿದ್ದ ಒಟ್ಟು ದುಡ್ಡು ಗ್ರಾಸ್. ಅದರಲ್ಲಿ ಥಿಯೇಟರಿನವರ ಪಾಲು ಹೋಗಿ ಹಂಚಿಕೆದಾರರ ಕೈಗೆ ಬರುವುದು ಶೇರ್. ಪೇಪರಿನಲ್ಲಿ ಬರುವುದು ಗ್ರಾಸ್. ಸಿನಿಮಾ ಮಾಡಿದವರ ಹೊಟ್ಟೆ ತುಂಬುವುದು ಶೇರ್‌ನಿಂದ. ಹಾಲಿವುಡ್‌ನಲ್ಲೂ ಕಥೆ ಇದೇ. ಅಮೆರಿಕದ ಒಳಗಿನ ಗ್ರಾಸ್‌ನಲ್ಲಿ ಸರಿಸುಮಾರು ಅರ್ಧ ಸ್ಟುಡಿಯೋಗೆ ಸಿಗುತ್ತದೆ. ಹೊರದೇಶಗಳಲ್ಲಿ ಇನ್ನೂ ಕಡಿಮೆ. ನೂರಕ್ಕೆ ನಲವತ್ತು ಅಂತ ಇಟ್ಟುಕೊಂಡರೆ ಲೆಕ್ಕ ತೀರಾ ತಪ್ಪುವುದಿಲ್ಲ.

‘ವಿಂಬಲ್ಡನ್’ ಅಮೆರಿಕ ಮತ್ತು ಕೆನಡಾದಲ್ಲಿ ಸೇರಿ ಸುಮಾರು 1.7 ಕೋಟಿ ಡಾಲರ್ ಕಲೆಕ್ಷನ್ ಮಾಡಿತು. ಉಳಿದ ದೇಶಗಳಲ್ಲಿ ಸುಮಾರು 2.47 ಕೋಟಿ. ಮೊದಲನೆಯದರಲ್ಲಿ ಅರ್ಧ ಅಂದರೆ 85 ಲಕ್ಷ. ಎರಡನೆಯದರಲ್ಲಿ ನೂರಕ್ಕೆ ನಲವತ್ತು ಅಂದರೆ ಒಂದು ಕೋಟಿಯ ಆಸುಪಾಸು. ಎರಡೂ ಸೇರಿ 1.85 ಕೋಟಿ. ತಯಾರಿಕೆಗೇ 3.1 ಕೋಟಿ ಹೋಗಿದೆ. ಥಿಯೇಟರ್ ಲೆಕ್ಕದಲ್ಲಿ ಆಗಲೇ ಒಂದೂಕಾಲು ಕೋಟಿ ಡಾಲರ್ ಕೊರತೆ.

ಪ್ರಚಾರದ ಖರ್ಚು ಇದರಲ್ಲಿ ಸೇರಿಲ್ಲ. ಆಗ ಹಾಲಿವುಡ್‌ನ ದೊಡ್ಡ ಕಂಪನಿಗಳು ಒಂದು ಚಿತ್ರದ ಪ್ರಿಂಟ್ ಮತ್ತು ಜಾಹೀರಾತಿಗೆ ಸರಾಸರಿ 3 ಕೋಟಿ ಡಾಲರ್‌ಗೂ ಮೇಲೆ ಸುರಿಯುತ್ತಿದ್ದವು. ಇದಕ್ಕೆ ಅಷ್ಟೇ ಸುರಿದರು ಅಂತ ನಾನು ಹೇಳುತ್ತಿಲ್ಲ. ಆದರೆ ಸಿನಿಮಾ 2,034 ಥಿಯೇಟರುಗಳಲ್ಲಿ ತೆರೆಕಂಡಿತು. ಅದು ರೀಲು ಕಾಲ. ಒಂದೊಂದು ಪ್ರಿಂಟಿಗೆ ಸಾವಿರ ಡಾಲರ್‌ಗೂ ಜಾಸ್ತಿ. ಬರೀ ಪ್ರಿಂಟ್ ಹಾಕಿಸುವುದಕ್ಕೇ 20 ಲಕ್ಷ ಡಾಲರ್ ದಾಟುತ್ತದೆ. ಟಿವಿ ಜಾಹೀರಾತು, ಪೋಸ್ಟರ್, ಟ್ರೇಲರ್ ಎಲ್ಲಾ ಅದರ ಮೇಲೆ.

ಈ ಬಗೆಯ ಚಿತ್ರಕ್ಕೆ ನಾನು ಬಳಸುವ ಒರಟು ಅಳತೆ ಒಂದಿದೆ. ಪ್ರಪಂಚದ ಗ್ರಾಸ್ ತಯಾರಿಕೆಯ ಖರ್ಚಿನ ಎರಡೂವರೆ ಪಟ್ಟು ಆದರೆ ಉಸಿರಾಡಬಹುದು. ‘ವಿಂಬಲ್ಡನ್’ಗೆ ಅದು ಏಳೂಮುಕ್ಕಾಲು ಕೋಟಿ ಆಗಬೇಕಿತ್ತು. ಆದದ್ದು ನಾಲ್ಕು ಚಿಲ್ಲರೆ.

ಹಾಗಂತ ಇದು ದೊಡ್ಡ ಅನಾಹುತವೂ ಅಲ್ಲ. 2008ರಲ್ಲಿ ಜಾರ್ಜ್ ಕ್ಲೂನಿ ನಟಿಸಿ ನಿರ್ದೇಶಿಸಿದ ‘ಲೆದರ್‌ಹೆಡ್ಸ್’ ಬಂತು. 1920ರ ದಶಕದ ಅಮೆರಿಕನ್ ಫುಟ್‌ಬಾಲ್, ಜೊತೆಗೆ ಪ್ರೀತಿ, ತಮಾಷೆ. ಅದರ ಪ್ರಪಂಚದ ಗ್ರಾಸ್ ಸುಮಾರು 4.13 ಕೋಟಿ ಡಾಲರ್. ಹೆಚ್ಚು ಕಡಿಮೆ ‘ವಿಂಬಲ್ಡನ್’ನಷ್ಟೇ. ಆದರೆ ಅದಕ್ಕೆ ಆದ ಖರ್ಚು 5.8 ಕೋಟಿ! ಕಲೆಕ್ಷನ್ ಒಂದೇ, ನಷ್ಟ ಬೇರೆ. ಹಾಗಾಗಿ ಒಂದೇ ಅಂಕಿ ಹಿಡಿದು ಗೆದ್ದಿತು, ಸೋತಿತು ಅನ್ನಬೇಡಿ. ಎಷ್ಟು ಹಾಕಿದ್ದರು ಅಂತ ಮೊದಲು ಕೇಳಿ.

ನಿಮ್ಮ ಎರಡನೇ ಪ್ರಶ್ನೆ ನನಗೆ ಹೆಚ್ಚು ಇಷ್ಟವಾಯಿತು. ಎರಡು ಬಗೆಯ ಜನ ಬರಬೇಕಿತ್ತಲ್ಲ ಅಂತ ಕೇಳಿದ್ದೀರಿ. ನಿರ್ಮಾಪಕರೂ ಹಾಗೇ ಅಂದುಕೊಂಡಿರುತ್ತಾರೆ. ಈ ಚಿತ್ರ ಮಾಡಿದ ವರ್ಕಿಂಗ್ ಟೈಟಲ್ ಕಂಪನಿಗೆ ಅಂದುಕೊಳ್ಳಲು ಕಾರಣವೂ ಇತ್ತು. 1999ರಲ್ಲಿ ಅವರದೇ ‘ನಾಟಿಂಗ್ ಹಿಲ್’ 36 ಕೋಟಿ ಡಾಲರ್ ಗ್ರಾಸ್ ಮಾಡಿತ್ತು. ಅಲ್ಲೂ ಲಂಡನ್, ನಾಚಿಕೆ ಸ್ವಭಾವದ ಇಂಗ್ಲಿಷ್ ಗಂಡಸು, ಹೆಸರುವಾಸಿ ಅಮೆರಿಕನ್ ಹೆಣ್ಣು. ಇಲ್ಲೂ ಅದೇ. ಪಾಲ್ ಬೆಟ್ಟನಿ ಮಾಡಿದ ಪೀಟರ್ ಕೋಲ್ಟ್ ರ‍್ಯಾಂಕಿಂಗ್‌ನಲ್ಲಿ 119ಕ್ಕೆ ಇಳಿದ ಆಟಗಾರ. ವೈಲ್ಡ್ ಕಾರ್ಡ್ (ರ‍್ಯಾಂಕಿಂಗ್ ಸಾಲದವರಿಗೆ ಕೊಡುವ ವಿಶೇಷ ಪ್ರವೇಶ) ಸಿಕ್ಕಿ ಕೊನೆಯ ಸಲ ಆಡಲು ಬಂದಿದ್ದಾನೆ. ಕಿರ್ಸ್ಟನ್ ಡನ್ಸ್ಟ್ ಮೇಲೇರುತ್ತಿರುವ ಅಮೆರಿಕನ್ ಆಟಗಾರ್ತಿ. ಅದೇ ಬೇಸಿಗೆಯಲ್ಲಿ ಡನ್ಸ್ಟ್ ನಟಿಸಿದ ‘ಸ್ಪೈಡರ್‌ಮ್ಯಾನ್ 2’ ಅಮೆರಿಕದಲ್ಲೇ 37 ಕೋಟಿ ಡಾಲರ್ ದಾಟಿತ್ತು. ಕಾಗದದ ಮೇಲೆ ಎಲ್ಲಾ ಸರಿಯಾಗಿತ್ತು.

ತೆರೆಕಂಡದ್ದು 2004ರ ಸೆಪ್ಟೆಂಬರ್ 17, ಶುಕ್ರವಾರ. ಮೊದಲ ಮೂರು ದಿನದಲ್ಲಿ ಸುಮಾರು 71 ಲಕ್ಷ ಡಾಲರ್. ಇದನ್ನು ಥಿಯೇಟರ್ ಲೆಕ್ಕಕ್ಕೆ ಇಳಿಸಿ ನೋಡಿ, ಆಗ ಮನಸ್ಸಿಗೆ ನಾಟುತ್ತದೆ. ಒಂದು ಥಿಯೇಟರಿಗೆ 3,500 ಡಾಲರ್ ಬಿತ್ತು. ಆ ವರ್ಷ ಅಮೆರಿಕದಲ್ಲಿ ಟಿಕೆಟ್ಟಿನ ಸರಾಸರಿ ಬೆಲೆ 6.21 ಡಾಲರ್. ಅಂದರೆ ಮೂರು ದಿನಕ್ಕೆ ಸುಮಾರು 560 ಜನ. ದಿನಕ್ಕೆ ಐದು ಆಟ ಅಂದುಕೊಳ್ಳಿ, ಒಟ್ಟು ಹದಿನೈದು ಆಟ. ಒಂದು ಆಟಕ್ಕೆ 37 ಜನ. ಬಿಡುಗಡೆಯ ಶನಿವಾರ ರಾತ್ರಿಯ ಆಟವೂ ಈ ಸರಾಸರಿಯೊಳಗೇ ಸೇರಿದೆ. ನಮ್ಮಲ್ಲಿ ಮೊದಲ ವಾರ ಇಂಥ ಡಿಸಿಆರ್, ಅಂದರೆ ದಿನದ ಕಲೆಕ್ಷನ್ ವರದಿ, ಕೈಗೆ ಬಂದರೆ ಹಂಚಿಕೆದಾರರು ಫೋನ್ ಎತ್ತುವುದಿಲ್ಲ.

ಯಾಕೆ ಹೀಗಾಯಿತು? ನನ್ನ ಅನುಭವದಲ್ಲಿ ಆಟ ಮತ್ತು ಪ್ರೀತಿ ಮೊದಲ ಮೂರು ದಿನ ಒಂದಕ್ಕೊಂದು ಕೂಡುವುದಿಲ್ಲ, ಕಳೆಯುತ್ತವೆ. ಪೋಸ್ಟರ್ ನೋಡಿದ ಟೆನಿಸ್ ಅಭಿಮಾನಿಗೆ ಅದು ಲವ್ ಸ್ಟೋರಿ. ನಿಜವಾದ ಪಂದ್ಯವೇ ಟಿವಿಯಲ್ಲಿ ಬರುವಾಗ ನಟರು ಆಡುವುದನ್ನು ಯಾಕೆ ನೋಡಲಿ ಅನ್ನುತ್ತಾನೆ. ಪ್ರೇಮಕಥೆ ಬೇಕಾದವರಿಗೆ ಅದು ಟೆನಿಸ್ ಸಿನಿಮಾ. ನಿಯಮ ಗೊತ್ತಿಲ್ಲ, ಸ್ಕೋರ್ ಅರ್ಥವಾಗುವುದಿಲ್ಲ ಅನ್ನುವ ಅಳುಕು. ಇದು ನನಗಲ್ಲ, ಅವರಿಗೆ ಅಂತ ಇಬ್ಬರೂ ಅಂದುಕೊಳ್ಳುತ್ತಾರೆ. ಜೋಡಿಯಾಗಿ ಸಿನಿಮಾಕ್ಕೆ ಹೋಗುವವರಲ್ಲಿ ಒಬ್ಬರು ಬೇಡ ಅಂದರೆ ಸಾಕು, ಎರಡು ಟಿಕೆಟ್ ಹೋಯಿತು.

ಹೀಗಾಗಿ ಈ ಜಾತಿಯ ಸಿನಿಮಾ ಬದುಕುವುದು ಮೊದಲ ವಾರದಲ್ಲಿ ಅಲ್ಲ. ನೋಡಿದವರು ಹೊರಗೆ ಬಂದು, ನಿನಗೆ ಆಟ ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಹೋಗು ಅಂತ ಹೇಳಬೇಕು. ಬಾಯಿಂದ ಬಾಯಿಗೆ ಆ ಮಾತು ಹರಡಬೇಕು. ಹರಡಿತೋ ಇಲ್ಲವೋ ಅಂತ ತಿಳಿಯಲು ಸುಲಭವಾದ ದಾರಿ ಇದೆ. ಒಟ್ಟು ಗ್ರಾಸನ್ನು ಮೊದಲ ವಾರಾಂತ್ಯದ ಗ್ರಾಸ್‌ನಿಂದ ಭಾಗಿಸಿ. ಎಷ್ಟು ಪಟ್ಟು ಬಂತು ನೋಡಿ.

1988ರ ‘ಬುಲ್ ಡರ್ಹಮ್’ ತೆಗೆದುಕೊಳ್ಳಿ. ಕೆಳಗಿನ ದರ್ಜೆಯ ಬೇಸ್‌ಬಾಲ್ ತಂಡ, ಚೆಂಡು ಹಿಡಿಯುವ ವಯಸ್ಸಾಗುತ್ತಿರುವ ಕ್ಯಾಚರ್, ಚೆಂಡು ಎಸೆಯುವ ಎಳೆಯ ಪಿಚರ್, ಇಬ್ಬರ ನಡುವೆ ಒಬ್ಬ ಹೆಂಗಸು. ಖರ್ಚು ಒಂದು ಕೋಟಿ ಡಾಲರ್‌ಗಿಂತ ಕಡಿಮೆ. ಮೊದಲ ವಾರಾಂತ್ಯ 50 ಲಕ್ಷ. ಕೊನೆಗೆ ಅಮೆರಿಕದಲ್ಲಿ 5 ಕೋಟಿ ದಾಟಿತು. ಹತ್ತು ಪಟ್ಟು! 1996ರ ಡಿಸೆಂಬರ್ 13ಕ್ಕೆ ಬಂದ ಅಮೆರಿಕನ್ ಫುಟ್‌ಬಾಲ್ ಚಿತ್ರ ‘ಜೆರಿ ಮಗ್ವಾಯರ್’ ಮೊದಲ ವಾರಾಂತ್ಯ 1.7 ಕೋಟಿ, ಕೊನೆಗೆ ಅಮೆರಿಕದಲ್ಲಿ ಸುಮಾರು 15.4 ಕೋಟಿ. ಒಂಬತ್ತು ಪಟ್ಟು. ಅದೇ ವರ್ಷ ಆಗಸ್ಟ್‌ನಲ್ಲಿ ಬಂದ ಗಾಲ್ಫ್ ಚಿತ್ರ ‘ಟಿನ್ ಕಪ್’ ಒಂದು ಕೋಟಿಯಿಂದ ಶುರುವಾಗಿ 5.4 ಕೋಟಿಗೆ ನಿಂತಿತು. ಐದು ಪಟ್ಟು. 2005ರ ಬೇಸ್‌ಬಾಲ್ ಪ್ರೇಮಕಥೆ ‘ಫೀವರ್ ಪಿಚ್’ 1.24 ಕೋಟಿಯಿಂದ 4.2 ಕೋಟಿ. ಮೂರೂಕಾಲು ಪಟ್ಟು ದಾಟಿತು.

‘ವಿಂಬಲ್ಡನ್’ 71 ಲಕ್ಷದಿಂದ 1.7 ಕೋಟಿ. ಎರಡೂಕಾಲು ಪಟ್ಟಿಗಿಂತ ಸ್ವಲ್ಪ ಮೇಲೆ.

ಹಳೆಯ ಚಿತ್ರಗಳ ಜೊತೆ ಹೀಗೆ ಹೋಲಿಸುವಾಗ ಒಂದು ನ್ಯಾಯ ಪಾಲಿಸಬೇಕು. 1988ರಲ್ಲಿ ಸಿನಿಮಾ ಕಡಿಮೆ ಥಿಯೇಟರಿನಲ್ಲಿ ಬಂದು ತಿಂಗಳುಗಟ್ಟಲೆ ಓಡುತ್ತಿತ್ತು. 2004ರ ಹೊತ್ತಿಗೆ ಒಂದೇ ದಿನ ಎಲ್ಲಾ ಕಡೆ ಹಾಕಿ ಬೇಗ ಎತ್ತುವ ಪದ್ಧತಿ ಬಂದಿತ್ತು. ಪಟ್ಟು ತಾನಾಗಿಯೇ ಇಳಿದಿತ್ತು. ಅದಕ್ಕೇ ನಾನು ಟಿಕೆಟ್ ಸಂಖ್ಯೆಯನ್ನೂ ನೋಡುತ್ತೇನೆ. ಆಯಾ ವರ್ಷದ ಸರಾಸರಿ ಬೆಲೆಯಿಂದ ಭಾಗಿಸಿದರೆ ‘ಬುಲ್ ಡರ್ಹಮ್’ ಅಮೆರಿಕದಲ್ಲಿ ಸುಮಾರು ಒಂದೂಕಾಲು ಕೋಟಿ ಟಿಕೆಟ್ ಮಾರಿದೆ. ‘ಜೆರಿ ಮಗ್ವಾಯರ್’ ಮೂರು ಕೋಟಿಗೂ ಮೇಲೆ. ‘ಫೀವರ್ ಪಿಚ್’ ಅರವತ್ತೈದು ಲಕ್ಷದ ಸುತ್ತ. ‘ವಿಂಬಲ್ಡನ್’ ಇಪ್ಪತ್ತೇಳು ಲಕ್ಷ. ಪದ್ಧತಿ ಬದಲಾದದ್ದಕ್ಕೆ ಎಷ್ಟೇ ರಿಯಾಯಿತಿ ಕೊಟ್ಟರೂ ಈ ಅಂತರ ಮುಚ್ಚುವುದಿಲ್ಲ.

ಇನ್ನು ತಾರೀಖು. ಇಲ್ಲಿ ನನಗೆ ನಿಜಕ್ಕೂ ಬೇಜಾರಾಗುತ್ತದೆ. ನಿಜವಾದ ವಿಂಬಲ್ಡನ್ ಟೂರ್ನಿ ಆ ವರ್ಷ ಜುಲೈ 4ಕ್ಕೆ ಮುಗಿದಿತ್ತು. ಹದಿನೇಳು ವರ್ಷದ ಮರಿಯಾ ಶರಪೋವಾ ಗೆದ್ದ ವರ್ಷ ಅದು. ಟೆನಿಸ್ ನೋಡದವರೂ ಆ ವಾರ ಟೆನಿಸ್ ಬಗ್ಗೆ ಮಾತಾಡಿದ್ದರು. ಸಿನಿಮಾ ಬಂದದ್ದು ಹತ್ತು ವಾರ ಕಳೆದ ಮೇಲೆ. ಇಂಗ್ಲೆಂಡಿನಲ್ಲಿ ಇನ್ನೂ ಒಂದು ವಾರ ತಡ. ಅಮೆರಿಕದಲ್ಲಿ ಯುಎಸ್ ಓಪನ್ ಕೂಡ ಸೆಪ್ಟೆಂಬರ್ 12ರ ಭಾನುವಾರ ಫೆಡರರ್ ಗೆಲುವಿನೊಂದಿಗೆ ಮುಗಿದಿತ್ತು. ಐದೇ ದಿನಕ್ಕೆ ಸಿನಿಮಾ. ಊರ ಜಾತ್ರೆ ಮುಗಿದು ತೇರು ಒಳಗೆ ಹೋದ ಮೇಲೆ ಅಂಗಡಿ ಹಾಕಿದ ಹಾಗೆ. ಅಷ್ಟೊತ್ತಿಗೆ ಅಮೆರಿಕದವರ ಕಣ್ಣು ಅವರ ಫುಟ್‌ಬಾಲ್ ಮೇಲೆ ನೆಟ್ಟಿರುತ್ತದೆ.

ಸಾಲದ್ದಕ್ಕೆ ಅದೇ ಶುಕ್ರವಾರ ಬರ್ನಿ ಮ್ಯಾಕ್ ನಟಿಸಿದ ‘ಮಿಸ್ಟರ್ 3000’ ಕೂಡ ಬಂತು. ಅದೂ ವಯಸ್ಸು ಮೀರಿದ ಆಟಗಾರ ಮತ್ತೆ ಮೈದಾನಕ್ಕೆ ಇಳಿಯುವ ತಮಾಷೆ ಕಥೆ. ಅದರಲ್ಲೂ ಒಂದು ಪ್ರೀತಿಯ ಎಳೆ. ಆಟ ಬೇಸ್‌ಬಾಲ್, ಅಮೆರಿಕದ ಮನೆಮಾತು. ಮೊದಲ ಮೂರು ದಿನ ಅದೇ ಮುಂದೆ ಹೋಯಿತು.

ಆದರೆ ತಾರೀಖೇ ಎಲ್ಲಾ ಅಂತ ಹೇಳಿದರೆ ತಪ್ಪಾಗುತ್ತದೆ. ‘ಟಿನ್ ಕಪ್’ ಕೂಡ ಜೂನ್‌ನಲ್ಲಿ ನಡೆಯುವ ಗಾಲ್ಫ್ ಟೂರ್ನಿಯ ಕಥೆ, ಬಂದದ್ದು ಎರಡು ತಿಂಗಳ ಮೇಲೆ. ಆದರೂ ನಿಂತಿತು. ‘ಫೀವರ್ ಪಿಚ್’ಗೆ ಇದಕ್ಕಿಂತ ಒಳ್ಳೆಯ ತಾರೀಖು ಸಿಗಲು ಸಾಧ್ಯವೇ ಇರಲಿಲ್ಲ. ಅದರ ನಾಯಕ ಹುಚ್ಚನಂತೆ ಅಭಿಮಾನಿಸುವ ಬೇಸ್‌ಬಾಲ್ ತಂಡ ಬಾಸ್ಟನ್ ರೆಡ್ ಸಾಕ್ಸ್ 86 ವರ್ಷದ ಬರ ಮುರಿದು 2004ರ ಅಕ್ಟೋಬರಿನಲ್ಲಿ ಚಾಂಪಿಯನ್ ಆಯಿತು. ಚಿತ್ರತಂಡ ಓಡಿಹೋಗಿ ಕೊನೆಯ ಪಂದ್ಯದ ಮೈದಾನದಲ್ಲೇ ಚಿತ್ರೀಕರಿಸಿ ಕ್ಲೈಮ್ಯಾಕ್ಸ್ ಬದಲಿಸಿತು. ಹೊಸ ಸೀಸನ್ ಶುರುವಾದ ವಾರದಲ್ಲೇ, ಏಪ್ರಿಲ್ 8ಕ್ಕೆ ಬಿಡುಗಡೆ. ಇಷ್ಟೆಲ್ಲಾ ಆಗಿಯೂ 4.2 ಕೋಟಿಗೇ ನಿಂತಿತು. ತಾರೀಖು ಬಾಗಿಲು ತೆರೆಯುತ್ತದೆ, ಅಷ್ಟೇ. ಒಳಗೆ ಕೂರಿಸುವುದು ಕಥೆ.

ಆ ಚಿತ್ರದಿಂದ ಕಲಿಯಬೇಕಾದ ಇನ್ನೊಂದು ಸಂಗತಿ ಇದೆ. ಬೇಸ್‌ಬಾಲ್ ಗಡಿ ದಾಟಲಿಲ್ಲ. ‘ಫೀವರ್ ಪಿಚ್’ನ ಒಟ್ಟು 5 ಕೋಟಿಯಲ್ಲಿ ಹೊರದೇಶದ್ದು ಒಂದು ಕೋಟಿಯೂ ಇಲ್ಲ. ‘ವಿಂಬಲ್ಡನ್’ ಇದಕ್ಕೆ ಉಲ್ಟಾ. ನೂರಕ್ಕೆ ಸುಮಾರು ಅರವತ್ತು ಭಾಗ ಅಮೆರಿಕದ ಆಚೆಯಿಂದ ಬಂತು. ಟೆನಿಸ್ ಹತ್ತಾರು ದೇಶದ ಆಟ. ಇಂಗ್ಲೆಂಡಿನವರಿಗಂತೂ ಇದು ಕನಸಿನ ಕಥೆ. 1936ರಲ್ಲಿ ಫ್ರೆಡ್ ಪೆರ‍್ರಿ ಗೆದ್ದ ಮೇಲೆ ಯಾವ ಬ್ರಿಟಿಷ್ ಗಂಡಸೂ ಅಲ್ಲಿ ಸಿಂಗಲ್ಸ್ ಗೆದ್ದಿರಲಿಲ್ಲ. 2004ರಲ್ಲೂ ಟಿಮ್ ಹೆನ್ಮನ್ ಕ್ವಾರ್ಟರ್ ಫೈನಲ್‌ನಲ್ಲೇ ಸೋತಿದ್ದರು. ಆ ನೋವಿಗೆ ಸಿನಿಮಾ ಮುಲಾಮು ಹಚ್ಚಿತು. ಆದರೆ ಅಮೆರಿಕದ ಪ್ರೇಕ್ಷಕರಿಗೆ ಆ ನೋವೇ ಇರಲಿಲ್ಲ. ಅವರಿಗೆ ಪೀಟ್ ಸಾಂಪ್ರಾಸ್ ಏಳು ಸಲ ಗೆದ್ದುಕೊಟ್ಟಿದ್ದರು. ಒಬ್ಬ ಇಂಗ್ಲಿಷ್ ಆಟಗಾರ ಗೆದ್ದರೆ ಅವರಿಗೆ ಕಣ್ಣು ತುಂಬಬೇಕು ಯಾಕೆ?

ಹಾಗಾದರೆ ಅಮೆರಿಕನ್ ಫುಟ್‌ಬಾಲ್ ಹಿಡಿದ ‘ಜೆರಿ ಮಗ್ವಾಯರ್’ ಹೊರದೇಶದಲ್ಲಿ ಸುಮಾರು 12 ಕೋಟಿ ಡಾಲರ್ ತಂದದ್ದು ಹೇಗೆ ಅಂತ ನೀವು ಕೇಳಬಹುದು. ಟಾಮ್ ಕ್ರೂಸ್ ಒಂದು ಕಾರಣ, ಅನುಮಾನವಿಲ್ಲ. ಆದರೆ ಅದರಲ್ಲಿ ಆಟ ತೀರಾ ಕಡಿಮೆ. ಕೆಲಸ ಕಳೆದುಕೊಂಡ, ಆಟಗಾರರ ಒಪ್ಪಂದ ನೋಡಿಕೊಳ್ಳುವ ಏಜೆಂಟ್, ಜೊತೆಗೆ ಬಂದ ಒಬ್ಬಳೇ ಸಹೋದ್ಯೋಗಿ, ಉಳಿದಿರುವ ಒಬ್ಬನೇ ಆಟಗಾರ. ಸಂಬಳ, ಮರ್ಯಾದೆ, ಸಂಸಾರ. ಇದಕ್ಕೆ ಫುಟ್‌ಬಾಲ್ ನಿಯಮ ಬೇಕಿಲ್ಲ. ಟಚ್‌ಡೌನ್ ಅಂದರೇನು ಅಂತ ಗೊತ್ತಿಲ್ಲದ ನನ್ನಮ್ಮ ಟಿವಿಯಲ್ಲಿ ಅದನ್ನು ನೋಡಿ ಅತ್ತಿದ್ದಾರೆ. ‘ಬುಲ್ ಡರ್ಹಮ್’ ಕೂಡ ಹಾಗೇ. ಆ ಕ್ಯಾಚರ್ ಮೇಲಿನ ದರ್ಜೆಗೆ ಹೋಗುವುದೇ ಇಲ್ಲ. ‘ಟಿನ್ ಕಪ್’ನ ನಾಯಕ ಕೊನೆಯ ಹೋಲ್‌ನಲ್ಲಿ ಹಟ ಹಿಡಿದು ಚೆಂಡಿನ ಮೇಲೆ ಚೆಂಡು ನೀರಿಗೆ ಹೊಡೆದು ಸೋಲುತ್ತಾನೆ, ಆ ಸೋಲಿನಲ್ಲೇ ಪ್ರೀತಿ ಗೆಲ್ಲುತ್ತದೆ. ಈ ಎರಡು ಚಿತ್ರಗಳೂ ರಾನ್ ಶೆಲ್ಟನ್ ಅವರದು. ಅವರು ಸ್ವತಃ ಕೆಳಗಿನ ದರ್ಜೆಯ ಬೇಸ್‌ಬಾಲ್ ಆಡಿದವರು. ಸೋತವನ ಸಂಬಳದ ಚೀಟಿ ಹೇಗಿರುತ್ತದೆ ಅಂತ ಬಲ್ಲವರು.

‘ವಿಂಬಲ್ಡನ್’ನಲ್ಲಿ ಕೊನೆ ಏನಾಗುತ್ತದೆ ಅಂತ ಪೋಸ್ಟರ್ ನೋಡಿದಾಗಲೇ ಗೊತ್ತಾಗುತ್ತದೆ. ಹುಡುಗಿ ಹತ್ತಿರ ಇದ್ದರೆ ಹುಡುಗ ಗೆಲ್ಲುತ್ತಾನೆ, ದೂರ ಹೋದರೆ ತಡವರಿಸುತ್ತಾನೆ. ಆಟ ಮತ್ತು ಪ್ರೀತಿ ಅಕ್ಕಪಕ್ಕ ಓಡುತ್ತವೆ, ಒಂದರೊಳಗೆ ಒಂದು ಹೆಣೆದುಕೊಳ್ಳುವುದಿಲ್ಲ. ಡನ್ಸ್ಟ್ ಪಾತ್ರದ ಸ್ವಂತ ಆಟ ಅರ್ಧಕ್ಕೇ ಮಂಕಾಗುತ್ತದೆ. ಅದು ನನಗೆ ಈಗಲೂ ಚುಚ್ಚುತ್ತದೆ. ಅವಳೂ ಟೂರ್ನಿ ಗೆಲ್ಲಲು ಬಂದವಳು ತಾನೆ? ಆ ಕಥೆಯನ್ನು ಕೊನೆವರೆಗೂ ಹೇಳಿದ್ದರೆ ಎರಡನೇ ವಾರ ಹೆಣ್ಣುಮಕ್ಕಳೇ ಈ ಚಿತ್ರವನ್ನು ಎತ್ತಿ ಹಿಡಿಯುತ್ತಿದ್ದರು ಅಂತ ನನ್ನ ನಂಬಿಕೆ.

ಆದರೂ ಈ ಚಿತ್ರದ ಮೇಲೆ ನನಗೆ ಪ್ರೀತಿ ಇದೆ. ದುಡ್ಡು ಎಲ್ಲಿ ಹೋಯಿತು ಅಂತ ತೆರೆಯ ಮೇಲೆ ಕಾಣುತ್ತದೆ. 2003ರ ಟೂರ್ನಿಯ ಸಮಯದಲ್ಲಿ ಟೂರ್ನಿ ನಡೆಯುವ ನಿಜವಾದ ಆಲ್ ಇಂಗ್ಲೆಂಡ್ ಕ್ಲಬ್ಬಿನಲ್ಲೇ ಚಿತ್ರೀಕರಣ ನಡೆಸಿದರು. 1987ರ ಚಾಂಪಿಯನ್ ಪ್ಯಾಟ್ ಕ್ಯಾಶ್ ನಟರಿಗೆ ಆಟ ಕಲಿಸಿದರು. ಬಹಳ ಕಡೆ ನಟರು ಬರೀ ರ‍್ಯಾಕೆಟ್ ಬೀಸಿದ್ದಾರೆ, ಚೆಂಡನ್ನು ಆಮೇಲೆ ಕಂಪ್ಯೂಟರಿನಲ್ಲಿ ಸೇರಿಸಿದ್ದಾರೆ. ಹಳೆಯ ಚಾಂಪಿಯನ್ನರಾದ ಜಾನ್ ಮೆಕೆನ್ರೋ, ಕ್ರಿಸ್ ಎವರ್ಟ್ ಕಾಮೆಂಟರಿಗೆ ತಾವೇ ಕೂತಿದ್ದಾರೆ. ಪಾಲ್ ಬೆಟ್ಟನಿ ಮನಸ್ಸಿನೊಳಗೆ ಮಾತಾಡಿಕೊಳ್ಳುತ್ತಾ ಸರ್ವ್ ಮಾಡುವ ದೃಶ್ಯಗಳನ್ನು ಇನ್ನೊಮ್ಮೆ ನೋಡಿ. ಒಬ್ಬ ಆಟಗಾರನ ಭಯವನ್ನು ಅಷ್ಟು ಹತ್ತಿರದಿಂದ ತೋರಿಸಿದ ಚಿತ್ರಗಳು ಕಡಿಮೆ.

ಕಂಪನಿ ಮುಳುಗಿತಾ ಅಂತ ಕೇಳಿದರೆ, ಇಲ್ಲ. 2004 ಅಂದರೆ ಡಿವಿಡಿಯ ಸುಗ್ಗಿ ಕಾಲ. ಆಗ ಹಾಲಿವುಡ್‌ಗೆ ಥಿಯೇಟರಿಗಿಂತ ಮನೆ ವಿಡಿಯೋದಿಂದಲೇ ಜಾಸ್ತಿ ದುಡ್ಡು ಬರುತ್ತಿತ್ತು. ಮನೆಯಲ್ಲಿ ಕೂತು ಇಬ್ಬರೂ ನೋಡಬಹುದಾದ ಇಂಥ ಹಗುರ ಚಿತ್ರಗಳಿಗೆ ಅಲ್ಲಿ ಒಳ್ಳೆಯ ಬೇಡಿಕೆ ಇತ್ತು. ಟಿಕೆಟ್ ಕೊಳ್ಳುವಾಗ ಬೇಡ ಅಂದವರು ಬಾಡಿಗೆ ಡಿವಿಡಿಗೆ ಹೂಂ ಅನ್ನುತ್ತಾರೆ. ಆಮೇಲೆ ಟಿವಿ ಹಕ್ಕು, ಅದಾದ ಮೇಲೆ ಆನ್‌ಲೈನ್ ಹಕ್ಕು. ಇಪ್ಪತ್ತು ವರ್ಷದ ಮೇಲೂ ಅದು ಮಾರಾಟವಾಗುತ್ತಲೇ ಇದೆ. ಹಾಗಾಗಿಯೇ ನಿಮಗೆ ಮೊನ್ನೆ ಹಾಸನದಲ್ಲಿ ಕೂತು ನೋಡಲು ಸಿಕ್ಕಿತು. ನೀವು ಹುಡುಕಿದ 4.17 ಕೋಟಿಯಲ್ಲಿ ಆ ದುಡ್ಡು ಒಂದು ಡಾಲರೂ ಸೇರಿಲ್ಲ.